ಕೆಳಗಿನ ಬಾಚಿಹಲ್ಲಿನ ವಸಡು ಇಳಿದಿದೆ, ಕ್ಲಿಪ್ ಹಾಕಿಸಬಹುದಾ?

ಗಿರಿಸಾಲು, ಚಿಕ್ಕಮಗಳೂರು

ವಯಸ್ಸು 29. ಕೆಳಗಿನ ನಾಲ್ಕು ಬಾಚಿಹಲ್ಲು ಒಂದರ ಮೇಲೊಂದು ಏರಿ ಕೂತಿವೆ. ಅಚ್ಚು ತೆಗೆದು ಅಳೆದಾಗ 5 ಮಿ.ಮೀ. ಜಾಗ ಕಮ್ಮಿ ಇದೆ ಅಂದ್ರು. ಅದರಲ್ಲಿ ಮುಂದಕ್ಕೆ ಚಾಚಿರೋ ಒಂದು ಹಲ್ಲಿನ ವಸಡು 2 ಮಿ.ಮೀ. ಇಳಿದು ಬೇರು ಹಳದಿಯಾಗಿ ಕಾಣ್ತಿದೆ, ತಣ್ಣೀರು ತಾಗಿದ್ರೆ ಜುಂ ಅನ್ನುತ್ತೆ. ಒಬ್ಬ ಡಾಕ್ಟ್ರು ಹಲ್ಲು ಕೀಳದೆ, ತೆಗೆದು ಹಾಕೋ ಪಾರದರ್ಶಕ ಹಾಳೆಯಾದ ಅಲೈನರ್‌ನಲ್ಲೇ ಸಾಲು ಅಗಲ ಮಾಡೋಣ ಅಂದ್ರು. ಇನ್ನೊಬ್ಬರು ಮೊದಲು ವಸಡಿಗೆ ಕಸಿ ಮಾಡಿಸ್ಕೊಂಡು ಬನ್ನಿ ಅಂದ್ರು. ಮೂರನೆಯವರು ಕ್ಲಿಪ್ಪೇ ಬೇಡ, ಇನ್ನೂ ಇಳಿಯುತ್ತೆ ಅಂದ್ರು. ಮೂರು ಮಾತಿಗೂ ಕಾರಣ ಏನು, ಮುಂದಿನ ಸಲ ಹೋದಾಗ ಏನು ಕೇಳಬೇಕು, ಗೊತ್ತಿರೋರು ಹೇಳಿ.

ವಸಡು_ಹಾಸನ

ಮೂವರೂ ತಪ್ಪು ಹೇಳಿಲ್ಲ, ಅರ್ಧರ್ಧ ಹೇಳಿದ್ದಾರೆ ಅಷ್ಟೆ. ವಸಡು ಯಾವಾಗಲೂ ಮೂಳೆಯ ಬೆನ್ನು ಹತ್ತಿ ಹೋಗುತ್ತದೆ. ಕೆಳಗಿನ ಬಾಚಿಹಲ್ಲುಗಳ ಬೇರನ್ನು ಮುಂದಿನಿಂದ ಮುಚ್ಚಿರುವ ಮೂಳೆ ಬಹಳ ಜನರಲ್ಲಿ ಈರುಳ್ಳಿ ಸಿಪ್ಪೆಯಷ್ಟು. ಸಾಲು ಬಿಟ್ಟು ಮುಂದೆ ಹುಟ್ಟಿದ ಹಲ್ಲಿಗೆ ಎಷ್ಟೋ ಸಲ ಅದೂ ಇರುವುದಿಲ್ಲ, ಬೇರಿನ ಮೇಲೆ ನೇರವಾಗಿ ವಸಡೇ ಕೂತಿರುತ್ತದೆ. ಆ ವಸಡೂ ತೆಳ್ಳಗಿದ್ದರೆ, ಪಾಚಿಯಿಂದ ಊತ ಬಂದರೂ ಇಳಿಯುತ್ತದೆ, ಗಡಸು ಬ್ರಷ್ ತಿಕ್ಕಿದರೂ ಇಳಿಯುತ್ತದೆ. ಕ್ಲಿಪ್‌ನ ಪಾತ್ರ ಏನಿದ್ದರೂ ಅದು ಹಲ್ಲನ್ನು ಯಾವ ಕಡೆ ತಳ್ಳುತ್ತದೆ ಎಂಬುದರ ಮೇಲೆ. ತುಟಿ ಕಡೆ ತಳ್ಳಿದರೆ ಇದ್ದ ಪೊರೆಯೂ ಹೋಗುತ್ತದೆ. ಮೂಳೆಯ ನಡುವಿಗೆ ಎಳೆದು ತಂದರೆ ವಸಡು ದಪ್ಪವಾಗುತ್ತದೆ, ಇಳಿದದ್ದು ಸ್ವಲ್ಪ ಏರಿ ಬರುವುದೂ ಉಂಟು.

ನೀವು ಮೊದಲು ಕೇಳಬೇಕಾದದ್ದು ನಾಲ್ಕು ಅಳತೆ. ಎನಾಮಲ್ ಮುಗಿದು ಬೇರು ಶುರುವಾಗುವ ಗೆರೆಯಿಂದ ವಸಡಿನ ಅಂಚಿನವರೆಗೆ ಎಷ್ಟು (ನಿಮ್ಮದು 2 ಮಿ.ಮೀ.). ಅಂಚಿನಿಂದ ಒಳಕ್ಕೆ ಪ್ರೋಬ್ ಕಡ್ಡಿ ಎಷ್ಟು ಇಳಿಯುತ್ತದೆ, ರಕ್ತ ಬರುತ್ತದೆಯಾ. 1ರಿಂದ 3 ಮಿ.ಮೀ. ಇದ್ದು ರಕ್ತ ಬರದಿದ್ದರೆ ಆರೋಗ್ಯ. ಗಟ್ಟಿಯಾದ ತಿಳಿಗುಲಾಬಿ ವಸಡಿನ ಪಟ್ಟಿ ಎಷ್ಟು ಅಗಲ ಇದೆ. ಅದರ ಕೆಳಗಿನ ಕೆಂಪು ಸಡಿಲ ಚರ್ಮವನ್ನು ಲೆಕ್ಕಕ್ಕೆ ಹಿಡಿಯಬಾರದು. 1972ರಲ್ಲಿ ಲ್ಯಾಂಗ್ ಮತ್ತು ಲೋ 2 ಮಿ.ಮೀ. ಪಟ್ಟಿ ಇದ್ದರೆ ಕ್ಷೇಮ ಅಂದಿದ್ದರು, ಇವತ್ತಿಗೂ ಕ್ಲಿಪ್ ಹಾಕುವ ಮುಂಚೆ ನಾವು ನೋಡುವುದು ಅದನ್ನೇ. ನಾಲ್ಕನೆಯದು ದಪ್ಪ: ಪ್ರೋಬನ್ನು ವಸಡಿನ ಒಳಗೆ ಇಟ್ಟಾಗ ಅದರ ಬಣ್ಣ ಹೊರಗೆ ಕಂಡರೆ ವಸಡು ತೆಳು, ಸುಮಾರು 1 ಮಿ.ಮೀ. ಅಥವಾ ಕಡಿಮೆ. ಖರ್ಚಿಲ್ಲದ, ಅರ್ಧ ನಿಮಿಷದ ಪರೀಕ್ಷೆ. ಇದನ್ನು ಮಾಡದೆ ಅಲೈನರ್ ಕಂಪ್ಯೂಟರ್ ಚಿತ್ರ ತೋರಿಸಿದರೆ ಎದ್ದು ಬನ್ನಿ ಅನ್ನುವಷ್ಟು ಕೋಪ ನನಗಿದೆ.

ತಂತಿ_ಕೆಲಸ

ಕೋಪ ಇರಲಿ ಸಾರ್, ಅಲೈನರ್‌ನವರೆಲ್ಲ ಹಾಗಿರಲ್ಲ. ಆದ್ರೆ ಒಂದು ಲೆಕ್ಕ ಎಲ್ಲರೂ ಕೇಳಲೇಬೇಕು: 5 ಮಿ.ಮೀ. ಎಲ್ಲಿಂದ ಬರುತ್ತೆ? ಜಾಗ ಆಕಾಶದಿಂದ ಉದುರಲ್ಲ. ದಾರಿ ಇರೋದು ಇಷ್ಟೇ.

ಬಾಚಿಹಲ್ಲುಗಳನ್ನ ಮುಂದಕ್ಕೆ ವಾಲಿಸಿದ್ರೆ 1 ಮಿ.ಮೀ.ಗೆ ಹೆಚ್ಚುಕಮ್ಮಿ 2 ಮಿ.ಮೀ. ಜಾಗ ಸಿಗುತ್ತೆ. ಅಂದ್ರೆ 5 ಬೇಕಾದ್ರೆ ಎರಡೂವರೆ ಮಿ.ಮೀ. ತುಟಿ ಕಡೆ. ತೆಳು ವಸಡಿಗೆ ಇದೇ ವಿಷ. ಎರಡನೇದು ಹಲ್ಲಿನ ಪಕ್ಕದ ಎನಾಮಲ್ ತೆಳ್ಳಗೆ ಉಜ್ಜೋದು. ಒಂದು ಸಂದಿಗೆ ಎರಡೂ ಹಲ್ಲು ಸೇರಿ 0.5 ಮಿ.ಮೀ., ಅದಕ್ಕಿಂತ ಜಾಸ್ತಿ ಕೆಳಗಿನ ಬಾಚಿಹಲ್ಲಲ್ಲಿ ತೆಗೀಬಾರದು, ಎನಾಮಲ್ಲೇ ಅಷ್ಟು ದಪ್ಪ ಇಲ್ಲ. ಕೋರೆಹಲ್ಲಿಂದ ಕೋರೆಹಲ್ಲಿಗೆ 5 ಸಂದಿ, ಕೋರೆಯ ಹಿಂದಿನ ಎರಡು ಸೇರಿ 7. ಎಲ್ಲಾ ಕಡೆ ತೆಗೆದ್ರೆ 3.5 ಮಿ.ಮೀ. ಉಳಿದ 1.5ಕ್ಕೆ ಮುಕ್ಕಾಲು ಮಿ.ಮೀ. ವಾಲಿಸಿದ್ರೆ ಸಾಕು. ಈಗ ನೋಡಿ, ಎರಡೂವರೆ ಎಲ್ಲಿ, ಮುಕ್ಕಾಲು ಎಲ್ಲಿ.

ಮೂರನೇದು, ಒಂದು ಬಾಚಿಹಲ್ಲು ಕೀಳೋದು. ಕೆಳಗಿನ ಬಾಚಿಹಲ್ಲು ಐದು, ಐದೂವರೆ ಮಿ.ಮೀ. ಅಗಲ, ನಿಮ್ಮ ಕೊರತೆಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತೆ. ಮುಂದೆ ಚಾಚಿ, ವಸಡು ಇಳಿದಿರೋ ಹಲ್ಲನ್ನೇ ತೆಗೆದ್ರೆ ಒಂದೇ ಏಟಿಗೆ ಎರಡು ಸಮಸ್ಯೆ ಹೋಗುತ್ತೆ ಅಂತ ಮಾಡೋರಿದ್ದಾರೆ. ಇದರ ಬೆಲೆ: ಕೆಳಗಿನ ನಡುಗೆರೆ ಮೇಲಿನದಕ್ಕೆ ಸರಿಬರಲ್ಲ, ಮೇಲಿನ ಹಲ್ಲು ಸ್ವಲ್ಪ ಮುಂದೆ ಇದ್ದ ಹಾಗೆ ಕಾಣಬಹುದು, ಸಂದಿಯಲ್ಲಿ ಕಪ್ಪು ತ್ರಿಕೋನ (ವಸಡು ತುಂಬದ ಖಾಲಿ ಜಾಗ) ಉಳಿಯಬಹುದು. ಮೊದಲು ಮೇಣದಲ್ಲಿ ಹಲ್ಲು ಜೋಡಿಸಿ ನೋಡದೆ ಕೀಳಬಾರದು.

ಅಗಲ ಮಾಡೋಣ ಅಂದ್ರಲ್ಲ, ಅದಕ್ಕೆ ಬರ್ತೀನಿ. 29ರಲ್ಲಿ ಕೆಳದವಡೆ ಅಗಲ ಆಗಲ್ಲ, ಹಲ್ಲು ಹೊರಕ್ಕೆ ವಾಲುತ್ತೆ ಅಷ್ಟೆ. ಪ್ಲಾನ್‌ನಲ್ಲಿ ಕೋರೆಹಲ್ಲಿನ ನಡುವೆ ಎಷ್ಟು ಮಿ.ಮೀ. ಅಗಲ, ಬಾಚಿಹಲ್ಲಿಗೆ ಎಷ್ಟು ಡಿಗ್ರಿ ವಾಲು, ಎಷ್ಟು ಉಜ್ಜು, ಎಲ್ಲಾ ಅಂಕಿ ಇರುತ್ತೆ. ಪ್ರಿಂಟ್ ಕೇಳಿ. ತಲೆಯ ಪಕ್ಕದ ಎಕ್ಸ್‌ರೇಯಲ್ಲಿ ಕೆಳಗಿನ ಬಾಚಿಹಲ್ಲು ದವಡೆಯ ತಳಗೆರೆಗೆ 90 ಡಿಗ್ರಿ ಆಸುಪಾಸಿರಬೇಕು. ತೆಳು ವಸಡಿದ್ದು 95 ದಾಟಿಸೋ ಪ್ಲಾನ್ ಆದ್ರೆ ನಾನು ಸಹಿ ಹಾಕಲ್ಲ.

ವಸಡು_ಹಾಸನ

ಆ ಹಲ್ಲು ಕೀಳುವ ಮಾತು ನನಗೆ ಒಪ್ಪಿಗೆ ಇಲ್ಲ. ವಸಡು ಇಳಿದದ್ದನ್ನು ವಿಂಗಡಿಸುವ 1985ರ ಮಿಲ್ಲರ್ ವರ್ಗೀಕರಣದಲ್ಲಾಗಲಿ, 2011ರಲ್ಲಿ ಕೈರೋ ಮಾಡಿದ ಆರ್‌ಟಿ 1, 2, 3ರಲ್ಲಾಗಲಿ ನೋಡುವುದು ಮುಖ್ಯವಾಗಿ ಒಂದನ್ನೇ: ಎರಡು ಹಲ್ಲಿನ ನಡುವಿನ ಮೂಳೆ ಮತ್ತು ವಸಡಿನ ಮೊನೆ ಉಳಿದಿದೆಯಾ? ಉಳಿದಿದ್ದರೆ ಆರ್‌ಟಿ 1. ಅಂಥ ಕಡೆ 2 ಮಿ.ಮೀ. ಇಳಿದದ್ದನ್ನು ಪೂರ್ತಿ ಮುಚ್ಚಬಹುದು. ಸಂದಿಯ ಮೂಳೆಯೂ ಕರಗಿದ್ದರೆ ಆರ್‌ಟಿ 2 ಅಥವಾ 3, ಅಲ್ಲಿ ಪೂರ್ತಿ ಮುಚ್ಚುವ ಭರವಸೆ ಕೊಡುವವರನ್ನು ನಂಬಬೇಡಿ. ಮುಚ್ಚಬಹುದಾದ ಹಲ್ಲನ್ನು ಕಿತ್ತು ಕಪ್ಪು ತ್ರಿಕೋನ ತಂದುಕೊಳ್ಳುವುದು ಬೇಲಿ ಸರಿಮಾಡುವ ಬದಲು ಗದ್ದೆ ಮಾರಿದ ಹಾಗೆ.

ತಂತಿ_ಕೆಲಸ

ಆರ್‌ಟಿ 1 ಆದ್ರೆ ಒಪ್ಪಿದೆ. ಬೇರು ಅರ್ಧ ಹೊರಗಿದ್ದು ಹಲ್ಲು ಅಲ್ಲಾಡ್ತಿದ್ರೆ ನನ್ನ ಮಾತೇ ಸರಿ. ತ್ರಿಕೋನದ ವಿಷಯ ಬಂತಲ್ಲ, ಅದಕ್ಕೂ ಅಳತೆ ಇದೆ. ಎರಡು ಹಲ್ಲು ತಾಗುವ ಜಾಗದಿಂದ ಮೂಳೆಯವರೆಗೆ 5 ಮಿ.ಮೀ. ಇದ್ರೆ ವಸಡಿನ ಮೊನೆ ಹೆಚ್ಚುಕಮ್ಮಿ ಎಲ್ಲರಲ್ಲೂ ತುಂಬ್ಕೊಳ್ಳುತ್ತೆ. 6 ಆದ್ರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನರಲ್ಲಿ, 7 ಆದ್ರೆ ಕಾಲು ಭಾಗದಲ್ಲಿ. 1992ರ ಟಾರ್ನೋ ಅಳತೆ. ಹಾಗಾಗಿ ಪಕ್ಕ ಉಜ್ಜಿದ್ರೆ ಇನ್ನೊಂದು ಲಾಭ: ತಾಗುವ ಜಾಗ ಚುಕ್ಕಿಯಿಂದ ಗೆರೆಯಾಗಿ ವಸಡಿನ ಕಡೆ ಇಳಿಯುತ್ತೆ, ತ್ರಿಕೋನ ಸಣ್ಣದಾಗುತ್ತೆ. ಉಜ್ಜಿದ ಮೇಲೆ ಪಾಲಿಶ್ ಮಾಡಿ ಫ್ಲೋರೈಡ್ ಬಳಿಯೋದನ್ನ ಮರೆಯೋರೇ ಜಾಸ್ತಿ, ಕೇಳಿ ಮಾಡಿಸ್ಕೊಳ್ಳಿ.

ಗಿರಿಸಾಲು

ಸ್ಕ್ಯಾನ್ ಮಾಡಿಸಿದ್ರೆ ಮೂಳೆ ಇದೆಯೋ ಇಲ್ಲವೋ ಗೊತ್ತಾಗಲ್ವಾ? ಮತ್ತೆ ಕಸಿ ಮೊದಲಾ, ಕ್ಲಿಪ್ ಮೊದಲಾ?

ವಸಡು_ಹಾಸನ

ಸಿಬಿಸಿಟಿ ಸ್ಕ್ಯಾನ್ (ದವಡೆಯ 3ಡಿ ಎಕ್ಸ್‌ರೇ) ಸಹಾಯ ಮಾಡುತ್ತದೆ, ಆದರೆ ಅದರ ಚಿತ್ರದ ಒಂದೊಂದು ಚುಕ್ಕಿಯೇ 0.2ರಿಂದ 0.4 ಮಿ.ಮೀ. ಅಷ್ಟು ತೆಳುವಾದ ಮೂಳೆ ಇದ್ದರೂ ಚಿತ್ರದಲ್ಲಿ ಇಲ್ಲದ ಹಾಗೆ ಕಾಣಬಹುದು. ಬೇರು ದವಡೆಯ ನಡುವೆ ಇದೆಯಾ, ಒಂದು ಗೋಡೆಗೆ ಒತ್ತಿಕೊಂಡಿದೆಯಾ ಅನ್ನುವುದನ್ನು ಅದರಲ್ಲಿ ನೋಡಿ. ಮೂಳೆ ಇಲ್ಲ ಎಂಬ ತೀರ್ಪು ಕೊಡಲು ಬಳಸಬೇಡಿ. ಬೆರಳಿನಿಂದ ತುಟಿ ಒಳಗೆ ಸವರಿದರೆ ಬೇರು ಕಡ್ಡಿಯಂತೆ ಉಬ್ಬಿ ಸಿಗುತ್ತದಾ ನೋಡಿ, ಅದೂ ಒಂದು ಸಾಕ್ಷಿ.

ಕಸಿ ಮೊದಲೋ ಆಮೇಲೋ ಎಂಬುದಕ್ಕೆ ಉತ್ತರ ದಿಕ್ಕಿನಲ್ಲಿದೆ. ಆ ಹಲ್ಲು ತುಟಿ ಕಡೆಗೆ ಹೋಗಲೇಬೇಕು, ವಸಡು ತೆಳು, ಗಟ್ಟಿ ಪಟ್ಟಿ 2 ಮಿ.ಮೀ.ಗಿಂತ ಕಮ್ಮಿ: ಕಸಿ ಮೊದಲು. ಹಲ್ಲು ನಾಲಿಗೆ ಕಡೆಗೆ, ಮೂಳೆಯ ಒಳಕ್ಕೆ ಬರುತ್ತದೆ: ಮೊದಲು ಹಲ್ಲು ತನ್ನಿ, ಉಳಿದದ್ದನ್ನು ಆಮೇಲೆ ಮುಚ್ಚಿ. ಸಾಲಿಗೆ ಬಂದ ಹಲ್ಲಿನ ಮೇಲೆ ಮುಚ್ಚುವುದು ನಮಗೂ ಸುಲಭ. ಉಬ್ಬಿದ ಬೇರಿನ ಮೇಲೆ ವಸಡು ಎಳೆದು ಹೊಲಿಯುವುದೆಂದರೆ ಬಿಗಿ ಅಂಗಿಗೆ ಗುಂಡಿ ಹಾಕಿದ ಹಾಗೆ.

ಕಸಿಯಲ್ಲಿ ಮುಖ್ಯವಾಗಿ ಎರಡು. ಅಂಗುಳಿನ ಮೇಲ್ಪದರವನ್ನೇ ಸುಮಾರು 1.5 ಮಿ.ಮೀ. ದಪ್ಪಕ್ಕೆ ಕತ್ತರಿಸಿ ಕೂರಿಸುವುದು ಒಂದು. ಗಟ್ಟಿ ಪಟ್ಟಿ ಬೇಕಾದಾಗ ಇದು ನಂಬಿಕಸ್ಥ, ಬಣ್ಣ ಮಾತ್ರ ತೇಪೆ ಹಾಕಿದಂತೆ ಬಿಳಿಚಾಗಿ ಕಾಣುತ್ತದೆ, ಮಾಯುವಾಗ ಕುಗ್ಗುತ್ತದೆ ಕೂಡ, ಅದಕ್ಕೇ ಬೇಕಾದದ್ದಕ್ಕಿಂತ ದೊಡ್ಡದು ತೆಗೆಯುತ್ತೇವೆ. ಇನ್ನೊಂದು, ಅಂಗುಳಿನ ಒಳಪದರ ಮಾತ್ರ ತೆಗೆದು ಇರುವ ವಸಡಿನ ಕೆಳಗೆ ತೂರಿಸಿ, ವಸಡನ್ನು ಮೇಲಕ್ಕೆಳೆದು ಹೊಲಿಯುವುದು. ಬೇರು ಮುಚ್ಚಲು, ನೋಟಕ್ಕೆ ಇದೇ ಮೇಲು. ಹೊಲಿಗೆ 10ರಿಂದ 14 ದಿನಕ್ಕೆ ಬಿಚ್ಚುತ್ತೇವೆ. ಅಂಗುಳಿನ ಗಾಯ ಮಾಯಲು 2ರಿಂದ 4 ವಾರ. ನಿಜ ಹೇಳಬೇಕೆಂದರೆ ನೋವು ಜಾಸ್ತಿ ಇರುವುದು ಅಲ್ಲೇ, ಕಸಿ ಮಾಡಿದ ಕಡೆ ಅಲ್ಲ. ತೆಳು ಹಾಳೆಯಲ್ಲಿ ಅಂಗುಳಿಗೆ ಮುಚ್ಚಳ ಮಾಡಿಸಿಕೊಂಡರೆ ಊಟ ಸುಲಭ. ಹಲ್ಲು ಸರಿಸಲು ಕನಿಷ್ಠ 6ರಿಂದ 8 ವಾರ ಬಿಡಿ, 3 ತಿಂಗಳು ಬಿಟ್ಟರೆ ಇನ್ನೂ ಒಳ್ಳೆಯದು.

ಕೆಡುವುದು ಹೇಗೆ? ಬೀಡಿ ಸಿಗರೇಟು ಮೊದಲ ಕಾರಣ, ರಕ್ತ ಓಡಾಟ ಕಮ್ಮಿಯಾಗಿ ಕಸಿ ಹಿಡಿಯುವುದಿಲ್ಲ. ಎರಡನೆಯದು ಸರಿಯಾಗಿದೆಯಾ ಎಂದು ತುಟಿ ಎಳೆದೆಳೆದು ಕನ್ನಡಿಯಲ್ಲಿ ನೋಡುವುದು. ಕಸಿ ಅಲುಗಿದರೆ ಹೊಸ ರಕ್ತನಾಳ ಕೂಡುವುದಿಲ್ಲ. ಮೂರನೆಯದು ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 7ರ ಒಳಗೆ ತಂದುಕೊಂಡು ಬನ್ನಿ. ತೋಟದ ಕೆಲಸ ಇರುವವರು ಕುಯ್ಲಿನ ಕಾಲದಲ್ಲಿ ಮಾಡಿಸಬೇಡಿ. ಹೊಲಿಗೆ ಬಿಚ್ಚಲು ಬರಲಾಗದೆ ಮೂರು ವಾರ ಬಿಟ್ಟರೆ ದಾರದ ಸುತ್ತ ಪಾಚಿ ಕಟ್ಟಿ ಊದಿಕೊಳ್ಳುತ್ತದೆ.

ಬ್ರಷ್_ಅರಸೀಕೆರೆ

ಇಷ್ಟು ಹೊತ್ತಾಯ್ತು, ಉಜ್ಜೋ ವಿಷಯ ಯಾರೂ ಎತ್ತಲಿಲ್ಲ! ಕ್ಲಿಪ್ ಇದ್ದಾಗ ವಸಡು ಹಾಳಾಗೋದು ಅರ್ಧ ಇಲ್ಲೇ.

ನಮ್ಮ ಕಡೆ, ಅರಸೀಕೆರೆ, ಕಡೂರು ಬಯಲಲ್ಲಿ, ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲಿಗೆ ಕಂದು ಕಲೆ. ಅದು ಎನಾಮಲ್ ಒಳಗಿನ ಕಲೆ, ಮೇಲಿನದಲ್ಲ. ಜನ ಮಾತ್ರ ಇದ್ದಿಲು, ಉಪ್ಪು, ಕೆಂಪು ಹಲ್ಲುಪುಡಿ, ಇಟ್ಟಿಗೆ ಪುಡಿ ಹಾಕಿ ಬೆರಳಲ್ಲಿ ಗಸಗಸ ಉಜ್ತಾರೆ. ಕಲೆ ಹೋಗಲ್ಲ, ಕೋರೆಹಲ್ಲಿನ ವಸಡು ಹೋಗುತ್ತೆ, ಬೇರಿನ ಮೇಲೆ ಹಳ್ಳ ಬೀಳುತ್ತೆ. ಕ್ಲಿಪ್‌ಗೂ ಅದೇ ಫ್ಲೋರೈಡ್ ಕಾಟ: ಅಂಥ ಎನಾಮಲ್ 37% ಫಾಸ್ಫಾರಿಕ್ ಆಸಿಡ್‌ಗೆ ಬೇಗ ಕರಗಲ್ಲ, ಮಾಮೂಲಿ 15, 30 ಸೆಕೆಂಡ್ ಬಿಟ್ರೆ ಬ್ರಾಕೆಟ್ (ತಂತಿ ಹಿಡಿಯೋಕೆ ಹಲ್ಲಿಗೆ ಅಂಟಿಸೋ ಗುಂಡಿ) ವಾರಕ್ಕೊಂದು ಕಳಚುತ್ತೆ. ಮೇಲ್ಪದರ ತೆಳ್ಳಗೆ ಉಜ್ಜಿ, ಆಸಿಡ್ ಜಾಸ್ತಿ ಹೊತ್ತು ಬಿಟ್ಟು ಅಂಟಿಸಬೇಕು. ನೀವು ಈ ಸೀಮೆಯವರಾದ್ರೆ ಮೊದಲೇ ಬಾಯಿಬಿಟ್ಟು ಹೇಳಿ.

ಉಜ್ಜೋ ಕ್ರಮ. ಮೆತ್ತನೆ ಬ್ರಷ್, ಪೆನ್ನು ಹಿಡಿದ ಹಾಗೆ ಹಿಡೀರಿ, ಮುಷ್ಟಿಯಲ್ಲಿ ಅಲ್ಲ. ವಸಡು ಹಲ್ಲು ಸೇರೋ ಗೆರೆಗೆ 45 ಡಿಗ್ರಿ ವಾಲಿಸಿ ಇಟ್ಟು, ಜಾಗ ಬಿಡದೆ ನಡುಗಿಸಿ, ಆಮೇಲೆ ವಸಡಿಂದ ಹಲ್ಲಿನ ತುದಿ ಕಡೆಗೆ ಉರುಳಿಸಿ. ವಸಡು ಇಳಿದಿರೋ ಹಲ್ಲಿಗೆ ನಡುಗಿಸೋದೂ ಬೇಡ, ಉರುಳಿಸೋದಷ್ಟೇ. ಬ್ರಾಕೆಟ್ ಮೇಲಿಂದ ಒಂದು ಸಲ, ಕೆಳಗಿಂದ ಒಂದು ಸಲ. ತಂತಿ ಅಡಿಗೆ ಸಂದಿ ಬ್ರಷ್. ಅದು ಬಿಗಿಯಾಗಿ ಒಳಗೆ ಹೋಗಬೇಕು, ನಡುವಿನ ಲೋಹದ ಕಡ್ಡಿ ಹಲ್ಲಿಗೆ ತಾಗಬಾರದು. ದೊಡ್ಡ ಅಳತೆ ತಂದು ತುರುಕಿದ್ರೆ ವಸಡಿನ ಮೊನೆ ಮೊಂಡಾಗುತ್ತೆ. ಇಡೀ ಬಾಯಿಗೆ 3 ನಿಮಿಷ, ರಾತ್ರಿ ಮಾತ್ರ 5.

ಕ್ಲೋರ್‌ಹೆಕ್ಸಿಡಿನ್ 0.2% ಅಂತ ಬರೆದುಕೊಟ್ರೆ 10 ಮಿ.ಲೀ. ಒಂದು ನಿಮಿಷ, ದಿನಕ್ಕೆರಡು ಸಲ, ಎರಡು ವಾರ ಸಾಕು. ಪೇಸ್ಟ್ ಹಾಕಿ ಉಜ್ಜಿದ ಅರ್ಧ ಗಂಟೆ ಆದ ಮೇಲೆ, ಇಲ್ಲಾಂದ್ರೆ ನೊರೆ ಅದರ ಶಕ್ತಿ ತಿನ್ನುತ್ತೆ. ಕಾಫಿ ಕುಡಿಯೋ ಊರು ನಮ್ದು, ಆ ಎರಡು ವಾರ ಲೋಟಗಟ್ಟಲೆ ಇಳಿಸಿದ್ರೆ ಹಲ್ಲೆಲ್ಲ ಕಂದು. ಬೇರು ಜುಂ ಅನ್ನೋದಕ್ಕೆ 5% ಪೊಟ್ಯಾಶಿಯಂ ನೈಟ್ರೇಟ್ ಇರೋ ಪೇಸ್ಟ್, ಕೆಲಸ ತೋರಿಸೋಕೆ ವಾರಗಳೇ ಬೇಕು, ಎರಡು ದಿನಕ್ಕೆ ಬಿಟ್ಟುಬಿಡಬೇಡಿ.

ತಂತಿ_ಕೆಲಸ

ಮೇಡಂ ಹೇಳಿದ್ದಕ್ಕೆ ನಮ್ಮ ಕಡೆಯ ತಪ್ಪುಗಳನ್ನೂ ಸೇರಿಸ್ತೀನಿ. ಬ್ರಾಕೆಟ್ ಸುತ್ತ ಒತ್ತಿ ಹೊರಬಂದ ಅಂಟನ್ನ ಗಟ್ಟಿಯಾಗೋ ಮುಂಚೆ ಕೆರೆದು ತೆಗೀಬೇಕು. ಬಿಟ್ರೆ ವಸಡಿನ ಪಕ್ಕ ಒರಟು ದಿಬ್ಬ, ಪಾಚಿಗೆ ಮನೆ. ದವಡೆಹಲ್ಲಿಗೆ ಉಂಗುರದ ಬದಲು ಅಂಟಿಸೋ ಟ್ಯೂಬ್ ಹಾಕಿದ್ರೆ ವಸಡು ಕಮ್ಮಿ ಊದುತ್ತೆ. ಬಣ್ಣದ ರಬ್ಬರ್ ಉಂಗುರ ಚೆಂದ, ಆದ್ರೆ ವಸಡು ಸರಿಯಿಲ್ಲದೋರಿಗೆ ಉಕ್ಕಿನ ಸಣ್ಣ ತಂತಿಯಲ್ಲಿ ಕಟ್ಟೋದು ಮೇಲು. ಆ ತಂತಿಯ ತುದಿ ಒಳಕ್ಕೆ ಮಡಚಿದಾರಾ ನಾಲಿಗೆಯಲ್ಲಿ ಸವರಿ ನೋಡಿ, ಕುರ್ಚಿ ಬಿಟ್ಟು ಏಳೋ ಮುಂಚೆ.

ಬಲದ ವಿಷಯ. ಹಲ್ಲು ವಾಲಿಸೋಕೆ 35ರಿಂದ 60 ಗ್ರಾಂ ಸಾಕು, ಬೇರಿನ ದಿಕ್ಕಲ್ಲಿ ಮೂಳೆ ಒಳಕ್ಕೆ ಒತ್ತೋಕೆ 10ರಿಂದ 20. ಇದು ಮೂಳೆ ಪೂರ್ತಿ ಇದ್ದಾಗಿನ ಲೆಕ್ಕ. ಮೂಳೆ ಕರಗಿದ್ರೆ ಮಣ್ಣು ಕೊಚ್ಚಿಹೋದ ಬೇಲಿಗೂಟ ಇದ್ದ ಹಾಗೆ: ಅಷ್ಟೇ ತಳ್ಳಿದ್ರೂ ಜಾಸ್ತಿ ವಾಲುತ್ತೆ. ಅಲ್ಲಿ ಬಲ ಇಳಿಸ್ಬೇಕು, ಭೇಟಿ ನಡುವಿನ ಅಂತರ ಜಾಸ್ತಿ ಮಾಡ್ಬೇಕು. ಪಾಕೆಟ್ (ಪ್ರೋಬ್ ವಸಡಿನ ಒಳಕ್ಕೆ ಇಳಿಯೋ ಆಳ) 4 ಮಿ.ಮೀ. ದಾಟಿ ರಕ್ತ ಬರೋ ಬಾಯಿಗೆ ಮಾತ್ರ ತಂತಿ ಮುಟ್ಟಿಸಲೇಬಾರದು. ಮೊದಲು ಬೇರಿನವರೆಗೆ ಕ್ಲೀನಿಂಗ್, 3 ತಿಂಗಳು ಬಿಟ್ಟು ಮರು ಅಳತೆ, ಆಮೇಲೆ ಕ್ಲಿಪ್. ಕ್ಲಿಪ್ ಇದ್ದಷ್ಟು ದಿನ 3 ತಿಂಗಳಿಗೊಮ್ಮೆ ಕ್ಲೀನಿಂಗ್.

ಊಟದ ಬಗ್ಗೆ ಕೇಳೋರಿಗೆ: ಮುದ್ದೆ, ಕಡುಬು, ಹಿದುಕಿದವರೆ ಸಾರು ಧಾರಾಳ. ಚಕ್ಕುಲಿ, ಕೋಡುಬಳೆ, ಹುರಿಗಡಲೆ, ಕಬ್ಬು, ಬಲಿಯದ ಸೀಬೆಕಾಯಿ ಬೇಡ.

ಅಕ್ರಿಲಿಕ್_ಲ್ಯಾಬ್

ಅಲೈನರ್ ಅಂಚಿನ ಬಗ್ಗೆ ಲ್ಯಾಬ್ ಕಡೆಯಿಂದ. ಎರಡು ಥರ ಕತ್ತರಿಸ್ತೀವಿ: ವಸಡಿನ ಗೆರೆಯನ್ನೇ ಅನುಸರಿಸಿ ಅಲೆಅಲೆಯಾಗಿ, ಇಲ್ಲವೇ ಅದರಿಂದ 2 ಮಿ.ಮೀ. ಆಚೆ ನೇರವಾಗಿ. ನೇರ ಅಂಚು ಹಿಡಿತಕ್ಕೆ ಒಳ್ಳೇದು, ತೆಳು ವಸಡಿನ ಮೇಲೆ ಒತ್ತಿದ್ರೆ ಮಾತ್ರ ಅದೇ ಗಾಯ. ಹೊಸ ಸೆಟ್ ಹಾಕಿದ ಮೊದಲ ದಿನ ಕನ್ನಡಿಯಲ್ಲಿ ನೋಡಿ: ಅಂಚಿನ ಕೆಳಗೆ ವಸಡು ಬಿಳಿಚಿಕೊಂಡ್ರೆ ಒತ್ತುತ್ತಿದೆ ಅಂತ. ಉಗುರು ಉಜ್ಜೋ ಕಾಗದದ ಪಟ್ಟಿಯಲ್ಲಿ ಆ ಜಾಗ ಮಾತ್ರ ಸವರಿ, ತೊಳೆದು ಹಾಕ್ಕೊಳ್ಳಿ. ಕತ್ತರಿ ಹಾಕಬೇಡಿ, ಸೀಳು ಬಿಡುತ್ತೆ.

ಬಿಸಿ ಕಾಫಿ ಅಲೈನರ್ ಹಾಕ್ಕೊಂಡೇ ಕುಡಿದ್ರೆ ಹಾಳೆ ಬಾಗುತ್ತೆ, ಬಾಗಿದ್ದು ಪ್ಲಾನ್‌ನಲ್ಲಿ ಇಲ್ಲದ ಕಡೆ ಹಲ್ಲು ತಳ್ಳುತ್ತೆ. ತೊಳೆಯೋದೂ ತಣ್ಣೀರಲ್ಲೇ. ದಿನಕ್ಕೆ 20ರಿಂದ 22 ಗಂಟೆ ಹಾಕದೆ ಮುಂದಿನ ಸೆಟ್‌ಗೆ ಹಾರಿದ್ರೂ ಅದೇ ಗೋಳು, ಬಿಗಿಯಾಗಿ ಕೂತ ಕಡೆ ಬಲ ದುಪ್ಪಟ್ಟು ಬೀಳುತ್ತೆ.

ಕಡೂರು_ತೆಂಗು

ಮಧ್ಯದಲ್ಲಿ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಮಗುವಿಗೆ 8 ವರ್ಷ. ಮೇಲಿನ ಒಂದು ಬಾಚಿಹಲ್ಲು ಕೆಳಗಿನದರ ಹಿಂದೆ ಕೂರುತ್ತೆ, ಆ ಕೆಳಗಿನ ಹಲ್ಲಿನ ವಸಡು ಮಾತ್ರ ಇಳಿದಿದೆ. ಎಲ್ಲಾ ಹಲ್ಲು ಬಂದಮೇಲೆ 12, 13ಕ್ಕೆ ಕ್ಲಿಪ್ ಹಾಕಿಸಿದ್ರಾಯ್ತು ಅಂತ ಮನೇಲಿ ಹೇಳ್ತಾರೆ. ಕಾಯಬಹುದಾ?

ತಂತಿ_ಕೆಲಸ

ಕಾಯಬೇಡಿ. ಇದು ಕಾಯುವ ಜಾತಿಯದಲ್ಲ. ಬಾಯಿ ಮುಚ್ಚಿದಾಗಲೆಲ್ಲ ಮೇಲಿನ ಹಲ್ಲು ಕೆಳಗಿನದನ್ನ ಹೊರಕ್ಕೆ ತಳ್ಳುತ್ತೆ, ಅದಕ್ಕೇ ಆ ಒಂದೇ ಹಲ್ಲಿನ ವಸಡು ಹೋಗ್ತಿರೋದು, ಅಲ್ಲಾಡ್ತಿರಲೂಬಹುದು. ಮೇಲಿನ ಹಲ್ಲನ್ನ ಮುಂದೆ ದಾಟಿಸಿದ್ರೆ ಮಕ್ಕಳಲ್ಲಿ ಆ ವಸಡು ಎಷ್ಟೋ ಸಲ ತಾನಾಗಿ ಸುಧಾರಿಸುತ್ತೆ. ಅದಕ್ಕೇ ಈ ವಯಸ್ಸಲ್ಲಿ ವಸಡಿಗೆ ಕಸಿ ಅಂತ ಯಾರಾದ್ರೂ ಅಂದ್ರೆ ಮೊದಲು ಹಲ್ಲು ದಾಟಿಸಿ, ಕೆಲವು ತಿಂಗಳು ನೋಡಿ ಅನ್ನಿ.

ಅಕ್ರಿಲಿಕ್_ಲ್ಯಾಬ್

ಅದಕ್ಕೆ ಬೇಕಾದ್ದು ತೆಗೆದು ಹಾಕೋ ಪ್ಲೇಟು. ಹಿಂದಿನ ಹಲ್ಲಿಗೆ 0.7 ಮಿ.ಮೀ. ತಂತಿಯ ಆಡಮ್ಸ್ ಕೊಂಡಿ, ಸರಿಸಬೇಕಾದ ಹಲ್ಲಿನ ಹಿಂದೆ 0.5 ಮಿ.ಮೀ. ತಂತಿಯ ಝಡ್ ಸ್ಪ್ರಿಂಗ್, ಹಿಂದಿನ ಹಲ್ಲುಗಳ ಮೇಲೆ ಅಕ್ರಿಲಿಕ್ ದಿಬ್ಬ. ದಿಬ್ಬ ಎಷ್ಟಿರಬೇಕು ಅಂದ್ರೆ, ಕಚ್ಚಿದಾಗ ಮುಂದಿನ ಹಲ್ಲುಗಳು ಒಂದನ್ನೊಂದು ತಾಗದೆ ಆಚೆ ದಾಟುವಷ್ಟು, ಜಾಸ್ತಿ ಬೇಡ. ಸ್ಪ್ರಿಂಗನ್ನ ಪ್ರತಿ ಭೇಟಿಗೆ 1.5ರಿಂದ 2 ಮಿ.ಮೀ. ತೆರೆಯಬೇಕು. ಒಂದೇ ಸಲಕ್ಕೆ ಜಾಸ್ತಿ ತೆರೆದ್ರೆ ಪ್ಲೇಟೇ ಕಳಚಿ ಬರುತ್ತೆ, ಮಗು ಜೇಬಲ್ಲಿ ಇಟ್ಕೊಂಡು ಓಡಾಡುತ್ತೆ. ಊಟ ಮಾಡುವಾಗ ಹಾಕದಿದ್ರೆ ಇಡೀ ಕೆಲಸ ವ್ಯರ್ಥ, ಯಾಕಂದ್ರೆ ಅಗಿಯುವಾಗಲೇ ಹಲ್ಲು ಹಿಂದಕ್ಕೆ ಬಡಿಯೋದು. ಮೇಲಿನ ಹಲ್ಲಿಗೆ ಸಾಲಲ್ಲಿ ಜಾಗ ಇದೆಯಾ ಅಂತ ಮೊದಲೇ ಅಳೀಬೇಕು, ಇಲ್ಲದೆ ಇದ್ರೆ ಸ್ಪ್ರಿಂಗ್ ಏನೂ ಮಾಡಲ್ಲ.

ರೊಬಸ್ಟಾ_ಸಕಲೇಶಪುರ

ಕ್ಲಿಪ್ ಬಿಚ್ಚಿ 6 ವರ್ಷ. ಕೆಳಗಿನ ಹಲ್ಲಿನ ಹಿಂದೆ ಅಂಟಿಸಿದ ತಂತಿ ಹಾಗೇ ಇದೆ, ಎಲ್ಲೂ ಬಿಟ್ಟಿಲ್ಲ. ಆದರೂ ಒಂದು ಹಲ್ಲಿನ ತುದಿ ಒಳಕ್ಕೆ ಹೋಗಿ, ಬೇರಿನ ಕಡೆ ತುಟಿಗೆ ಉಬ್ಬಿಕೊಂಡಿದೆ. ಅಲ್ಲಿ ಮಾತ್ರ ವಸಡು 3 ಮಿ.ಮೀ. ಇಳಿದಿದೆ. ಉಜ್ಜೋದು ಜಾಸ್ತಿ ಆಯ್ತು ಅಂದ್ರು. ಹೌದಾ?

ವಸಡು_ಹಾಸನ

ಇಲ್ಲ. ಉಜ್ಜಿದ್ದರಿಂದ ಹಲ್ಲಿನ ತುದಿ ಒಳಕ್ಕೂ ಬೇರು ಹೊರಕ್ಕೂ ತಿರುಗುವುದಿಲ್ಲ. ಈ ಚಿತ್ರ ನೋಡಿದ ಕೂಡಲೇ ಅನುಮಾನ ತಂತಿಯ ಮೇಲೆ. ತಂತಿ_ಕೆಲಸ ಬಿಡಿಸಿ ಹೇಳಲಿ.

ತಂತಿ_ಕೆಲಸ

ಆರೂ ಹಲ್ಲಿಗೆ ಅಂಟಿಸೋದು ಹೆಣೆದ ಸಣ್ಣ ತಂತಿ, ಮೂರೋ ಆರೋ ಎಳೆ ಸೇರಿಸಿ ತಿರುಚಿದ್ದು. ಅಂಟಿಸುವಾಗ ಸ್ವಲ್ಪ ಒತ್ತಿ ಹಿಡಿದಿದ್ರೆ, ಇಲ್ಲಾ ಆಮೇಲೆ ಗಟ್ಟಿ ಕಚ್ಚಿ ಬಾಗಿದ್ರೆ, ಅದು ಸುಮ್ಮನೆ ಹಿಡಿದಿರೋ ತಂತಿಯಾಗಿ ಉಳಿಯಲ್ಲ. ತಿರುಚು ಬಿಚ್ಚಿಕೊಳ್ಳೋ ಹಾಗೆ ನಿಧಾನಕ್ಕೆ ಹಲ್ಲನ್ನ ತಿರುಗಿಸುತ್ತೆ. ಒಂದು ಹಲ್ಲು ಹೀಗೆ, ಕೆಲವರಲ್ಲಿ ಎರಡು ಪಕ್ಕದ ಹಲ್ಲು ಒಂದು ಒಳಗೆ ಒಂದು ಹೊರಗೆ. ವರ್ಷಗಳು ಬೇಕು, ನೋವಿಲ್ಲ, ಹಾಗಾಗಿ ಯಾರ ಗಮನಕ್ಕೂ ಬರಲ್ಲ. ತಂತಿ ಬಿಟ್ಟಿಲ್ಲ ಅಂದ್ರೆ ಎಲ್ಲಾ ಸರಿ ಅಂತ ಲೆಕ್ಕ ಹಾಕಿಬಿಡ್ತೀವಿ, ತಪ್ಪು ಅಲ್ಲೇ.

ಕ್ರಮ ಹೀಗೆ. ಮೊದಲು ಆ ತಂತಿ ಪೂರ್ತಿ ತೆಗೀಬೇಕು. ಅದೇ ತಂತಿಯನ್ನ ಆ ಒಂದು ಹಲ್ಲಿಗೆ ಕತ್ತರಿಸಿ ಬಿಡೋದು ಅರೆಬರೆ ಕೆಲಸ. ಅದೇ ದಿನ ಅಚ್ಚು ತೆಗೆದು ರಾತ್ರಿ ಹಾಕೋ ಪಾರದರ್ಶಕ ಹಾಳೆ ಕೊಡ್ಬೇಕು, ಇಲ್ಲಾಂದ್ರೆ ಉಳಿದ ಹಲ್ಲು ಸಾಲು ಬಿಡುತ್ತೆ. ಆಮೇಲೆ ಮತ್ತೆ ಬ್ರಾಕೆಟ್, ಆಯತಾಕಾರದ ಉಕ್ಕಿನ ತಂತಿವರೆಗೆ ಏರಿಸಿ, ಬೇರನ್ನ ಒಳಕ್ಕೆ ತಿರುಗಿಸ್ಬೇಕು. ಬ್ರಾಕೆಟ್ಟಿನ 0.022 ಇಂಚು ಸೀಳಿಗೆ 0.019×0.025 ಇಂಚು ತಂತಿ. ದುಂಡು ತಂತಿಯಲ್ಲಿ ಬೇರು ತಿರುಗಲ್ಲ, ಬರೀ ತುದಿ ಆಡುತ್ತೆ. ಬೇರು ಮೂಳೆ ಒಳಕ್ಕೆ ಬಂದು ನಿಂತಮೇಲೆ ವಸಡು ಎಷ್ಟು ಏರಿದೆ ನೋಡಿ, ಉಳಿದದ್ದಕ್ಕೆ ಕಸಿ. ಉಲ್ಟಾ ಮಾಡಿ ಮೊದಲೇ ಕಸಿ ಹಾಕಿದ್ರೆ ಹೊರಗಿರೋ ಬೇರಿನ ಮೇಲೆ ಹಾಕಿದ ಹಾಗೆ, ಹಿಡಿಯೋದು ಕಷ್ಟ.

ಮುಂದಕ್ಕೆ ಹಿಡಿದಿಡೋಕೆ ಎರಡು ಕೋರೆಹಲ್ಲಿಗೆ ಮಾತ್ರ ಅಂಟೋ ದಪ್ಪ ಒಂಟಿ ತಂತಿ ಹಾಕಿಸಬಹುದು. ನಡುವಿನ ಹಲ್ಲು ಸ್ವಲ್ಪ ತಿರುಗಬಹುದು, ಆದ್ರೆ ಬೇರು ಹೊರಕ್ಕೆ ಹೋಗೋ ಅಪಾಯ ಕಮ್ಮಿ.

ಬ್ರಷ್_ಅರಸೀಕೆರೆ

ತಂತಿ ಹಿಂದೆ ಟಾರ್ಟರ್ (ಗಟ್ಟಿಯಾದ ಪಾಚಿ) ಕಟ್ಟುತ್ತೆ, ಎಂಜಲು ಗ್ರಂಥಿಯ ಬಾಯಿ ಅಲ್ಲೇ ಇರೋದು. ಸೂಪರ್‌ಫ್ಲಾಸ್ ಅಂತ ಸಿಗುತ್ತೆ, ಒಂದು ತುದಿ ಗಟ್ಟಿ, ನಡುವೆ ಸ್ಪಂಜು. ಗಟ್ಟಿ ತುದಿಯನ್ನ ತಂತಿಯ ಅಡಿಗೆ ತೂರಿಸಿ ಸ್ಪಂಜು ಎಳೀರಿ. ಸಿಗದಿದ್ರೆ ಸೂಜಿ ಥರದ ಪ್ಲಾಸ್ಟಿಕ್ ಕುಣಿಕೆಗೆ ಮಾಮೂಲಿ ದಾರ ಪೋಣಿಸಿ.

ಗಿರಿಸಾಲು

ಅಳತೆ ಮಾಡಿಸಿದೆ. ಹಾಸನದ ದಂತ ಕಾಲೇಜಲ್ಲಿ ಎರಡೂ ವಿಭಾಗ ಒಂದೇ ಕಡೆ ಇರೋದ್ರಿಂದ ಅಲ್ಲೇ ಹೋದೆ. ಇಳಿದದ್ದು 2 ಮಿ.ಮೀ., ಪಾಕೆಟ್ 1, ರಕ್ತ ಇಲ್ಲ. ಗಟ್ಟಿ ಪಟ್ಟಿ 2 ಮಿ.ಮೀ. ಪ್ರೋಬ್ ಬಣ್ಣ ಹೊರಗೆ ಕಾಣುತ್ತೆ, ತೆಳು. ಆರ್‌ಟಿ 1. ಬಾಚಿಹಲ್ಲು ಈಗ 93 ಡಿಗ್ರಿ. ಈಗ?

ವಸಡು_ಹಾಸನ

ಆ ಹಲ್ಲು ಒಳಕ್ಕೆ ಬರಬೇಕಾದದ್ದು, ಊತ ಇಲ್ಲ, ಪಟ್ಟಿ ಸಾಕಷ್ಟಿದೆ. ನಾನಾದರೆ ಈಗಲೇ ಕತ್ತಿ ಹಿಡಿಯುವುದಿಲ್ಲ. ಒಂದೇ ಬೆಳಕಲ್ಲಿ, ಒಂದೇ ಕೋನದಲ್ಲಿ ಫೋಟೋ ತೆಗೆದಿಡಿ, 3 ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಅರ್ಧ ಮಿ.ಮೀ. ಹೆಚ್ಚಾದರೂ ತಂತಿ ನಿಲ್ಲಿಸಿ ಬರಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಇನ್ನೊಂದು: ಕ್ಲಿಪ್ ಇದ್ದಾಗ ವಸಡು ಊದಿ ಬೇರು ಮುಚ್ಚಿಕೊಂಡ ಹಾಗೆ ಕಂಡರೆ ಖುಷಿಪಡಬೇಡಿ, ಬಿಚ್ಚಿದ ಮೇಲೆ ಊತ ಇಳಿದು ನಿಜ ತೋರುತ್ತದೆ.

ತಂತಿ_ಕೆಲಸ

93ರಿಂದ ಮುಂದೆ ವಾಲಿಸೋಕೆ ಹೆಚ್ಚು ಉಳಿತಾಯ ಇಲ್ಲ, ಆದ್ದರಿಂದ 7 ಸಂದಿ ಉಜ್ಜೋ ದಾರಿಯೇ ಹಿಡಿಯಿರಿ. ಒಂದೇ ಎಚ್ಚರಿಕೆ, ಇದನ್ನ ನಿಮ್ಮ ಡಾಕ್ಟ್ರಿಗೆ ಕೇಳಿ: ಮೊದಲ ದಿನವೇ 0.014 ಇಂಚಿನ ನೈಟೈ (ನಿಕಲ್-ಟೈಟಾನಿಯಂ) ತಂತಿಯನ್ನ ಆ ಚಾಚಿದ ಹಲ್ಲಿಗೂ ಎಳೆದು ಕಟ್ತೀರಾ? ಕಟ್ಟಿದ್ರೆ ಜಾಗ ಇಲ್ಲದ ಹಲ್ಲು ಪಕ್ಕದವನ್ನೆಲ್ಲ ತುಟಿ ಕಡೆ ನೂಕಿ ದಾರಿ ಮಾಡ್ಕೊಳ್ಳುತ್ತೆ, ಆಗ ಒಂದರ ಬದಲು ನಾಲ್ಕು ಹಲ್ಲಿನ ವಸಡು. ಆ ಹಲ್ಲಿಗೆ ಬ್ರಾಕೆಟ್ ಅಂಟಿಸಿದ್ರೂ ತಂತಿ ಕಟ್ಟದೆ ಬಿಡಿ, ಕೋರೆಹಲ್ಲನ್ನ ಹಿಂದಕ್ಕೆ ಬಿಗಿದು ಹಿಡಿದು, ಉಜ್ಜಿ ಜಾಗ ಬಿಡಿಸಿ. ಹಲ್ಲಿನಷ್ಟೇ ಅಗಲ ಜಾಗ ಕಂಡಮೇಲೆ ಒಳಕ್ಕೆ ಕರೀರಿ. ತಂತಿಯ ತುದಿಯನ್ನ ಕೊನೆ ಟ್ಯೂಬಿನ ಹಿಂದೆ ಮಡಚೋದನ್ನೂ ಪ್ರತಿ ಸಲ ನೋಡ್ಕೊಳ್ಳಿ.